ಎರಡು ಪೈಪು, ಒಂದು ಕಂಬಳಿ

ಕಂಪ್ಲಿಯ ಬಜಾರಿನಲ್ಲಿ ಬೆಳಗಿನ ಒಂಬತ್ತೂವರೆ. ಪೈಪಿನ ಅಂಗಡಿಯ ಶೆಟರ್ ಈಗಷ್ಟೇ ಮೇಲೇರಿದೆ. ಬೂದು ಬಣ್ಣದ ಪಿವಿಸಿ ಪೈಪುಗಳು ದಪ್ಪದ ಪ್ರಕಾರ ಗೋಡೆಗಾನಿಸಿ ನಿಂತಿವೆ. ಒಳಗಿನ ಮಬ್ಬಿನಲ್ಲಿ ಡ್ರಿಪ್ಪಿನ ಕಪ್ಪು ಸುರುಳಿಗಳು, ಫುಟ್‌ವಾಲ್ವುಗಳು, ಚೀಲದ ತುಂಬ ಎಲ್ಬೊಗಳು. ವಿಜಯನಗರದ ಕಾಲದ ಕಾಲುವೆಗಳು ಇಂದಿಗೂ ಗದ್ದೆಗೆ ನೀರು ಹರಿಸುವ ಸೀಮೆ ಇದು. ಭತ್ತ, ಬಾಳೆ, ಕಬ್ಬಿನ ಊರು. ಇಲ್ಲಿ ಪೈಪು ಕೊಳ್ಳಲು ಬಂದವರು ನೀರಿಗಾಗಿಯೇ ಬಂದಿರುತ್ತಾರೆ. ನಿಮ್ಮ ಮುಂದಿದ್ದ ರೈತ ಎರಡೂವರೆ ಇಂಚಿನ ಬೆಂಡು ಹಿಡಿದುಕೊಂಡು ಟ್ರ್ಯಾಕ್ಟರಿನ ಕಡೆ ನಡೆದ. ಈಗ ನಿಮ್ಮ ಸರದಿ.

"ಏನ್ ಬೇಕ್ರಿ?"

"ಒಂದಿಂಚಿನ ಪೈಪು, ಎರಡು."

"ಹೊಲಕ್ಕಾ, ಮನಿಗಾ?"

"ಫೋಟೊ ತೆಗೆಯೋದಕ್ಕೆ. ಹಿಂದೆ ಬಟ್ಟೆ ಇಳಿಬಿಡೋ ಸ್ಟ್ಯಾಂಡ್ ಮಾಡಬೇಕು."

ಅಂಗಡಿಯವರು ಒಂದು ಗಳಿಗೆ ಯೋಚಿಸುತ್ತಾರೆ. "ಹಂಗಾದ್ರ ಪ್ರೆಷರ್ ಲೆಕ್ಕ ನೋಡಾದು ಬ್ಯಾಡ. ನೆಟ್ಟಗಿರಾದು ನೋಡಿ ತಗಳ್ರಿ."

ಇಡೀ ಕೆಲಸದ ಮೊದಲ ಪಾಠವನ್ನು ಅವರು ಒಂದೇ ಮಾತಿನಲ್ಲಿ ಹೇಳಿಬಿಟ್ಟರು. ಪೈಪಿನ ಒಂದು ತುದಿಯನ್ನು ಕಣ್ಣಿನ ಮಟ್ಟಕ್ಕೆತ್ತಿ ಇನ್ನೊಂದು ತುದಿಯತ್ತ ನೋಡಿ. ಬಳ್ಳಾರಿ ಸೀಮೆಯ ಬೇಸಿಗೆಯಲ್ಲಿ ಗೋಡೆಗೆ ಒರಗಿ ನಿಂತ ಪೈಪು ನಡುವೆ ಸಣ್ಣಗೆ ಬಾಗಿರುತ್ತದೆ. ಪಿವಿಸಿ ಮೆತ್ತಗಾಗುವುದು 80 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ಆದರೂ, ಅದಕ್ಕಿಂತ ಬಹಳ ಕಡಿಮೆ ಬಿಸಿಯಲ್ಲಿ ದಿನಗಟ್ಟಲೆ ಓರೆಯಾಗಿ ನಿಂತರೆ ಅದು ನಿಂತ ಭಂಗಿಯನ್ನೇ ಕಲಿತುಬಿಡುತ್ತದೆ. ಮೂರನೆಯದು, ನಾಲ್ಕನೆಯದು ಎಂದು ಎತ್ತಿ ನೋಡುತ್ತ ಹೋಗಿ. ಅಡ್ಡ ಮಲಗಿಸಿಟ್ಟ ಸಾಲಿನಿಂದ ತೆಗೆದದ್ದು ನೆಟ್ಟಗಿದೆ. ಗೋಡೆ ದಪ್ಪಗಿರುವುದನ್ನೇ ಆರಿಸಿ, ಬೂದು ಬಣ್ಣದ್ದನ್ನೇ ತೆಗೆದುಕೊಳ್ಳಿ. ಬಿಳಿ ಪೈಪು ಬೆಳಕನ್ನು ಹಿಡಿದು ಚಿತ್ರದ ಅಂಚಿನಲ್ಲಿ ಹೊಳೆಯುತ್ತದೆ.

ಗಲ್ಲೆಯ ಮೇಲೆ ಫಿಟಿಂಗುಗಳು ಒಂದೊಂದಾಗಿ ಬಂದು ಬೀಳುತ್ತವೆ: ಎಲ್ಬೊ 6, ಟೀ 4, ಕಪ್ಲಿಂಗ್ 3, ಎಂಡ್ ಕ್ಯಾಪ್ 4. ಒಂದು ಸಣ್ಣ ಡಬ್ಬಿ ಸೊಲ್ಯೂಷನ್, ಒಂದು ಆಕ್ಸಾ ಬ್ಲೇಡು, ಒಂದು ಹಾಳೆ ಉಪ್ಪುಕಾಗದ. ಪ್ರತಿ ಫಿಟಿಂಗನ್ನೂ ಅಲ್ಲೇ ಪೈಪಿನ ತುದಿಗೆ ಹಾಕಿ ನೋಡಿ. ಕೈಯಿಂದ ತಿರುಚಿದರೆ ಬಿಗಿಯಾಗಿ ಕೂರಬೇಕು, ಮತ್ತೆ ತಿರುಚಿದರೆ ಬಿಟ್ಟುಕೊಡಬೇಕು. ಸಡಿಲವಾಗಿ ಜಾರುವುದನ್ನು ವಾಪಸು ಕೊಟ್ಟು ಬೇರೆ ಕೇಳಿ. ಈ ಸ್ಟ್ಯಾಂಡು ನಿಲ್ಲುವುದು ಈ ಬಿಗಿಯ ಮೇಲೆಯೇ.

ಮನೆಯ ಅಂಗಳ. ಪೈಪುಗಳನ್ನು ನೆಲದ ಮೇಲೆ ಮಲಗಿಸಿ ಟೇಪು ಹಿಡಿಯಿರಿ. ಲೆಕ್ಕ ಪೂರ್ತಿ 20 ಅಡಿಯದು. ಪೈಪಿನ ಮೇಲೆ 6 ಮೀಟರ್ ಎಂದು ಅಚ್ಚಾಗಿದ್ದರೆ ನಾಲ್ಕು ಇಂಚಿನಷ್ಟು ಕಡಿಮೆ ಬರುತ್ತದೆ. ಆ ಕೊರತೆಯನ್ನು ಮೊದಲ ಪೈಪಿನಲ್ಲಿ ಮೇಲಿನ ಅಡ್ಡಪೈಪಿಗೂ ಎರಡನೆಯದರಲ್ಲಿ ಕೆಳಗಿನ ಪಟ್ಟಿಗೂ ಹಾಕಿ, ಉಳಿದ ಅಳತೆಗಳನ್ನು ಮುಟ್ಟಬೇಡಿ.

ಮೊದಲ ಪೈಪಿನಲ್ಲಿ 6 ಅಡಿಯ ಒಂದು ತುಂಡು. ಅದು ಅಡ್ಡಪೈಪು, ಬಟ್ಟೆ ಹೊರುವುದು ಅದೇ. ಉಳಿದ 14 ಅಡಿಯಲ್ಲಿ ಎರಡು ಕಂಬಗಳು. ಒಂದೊಂದಕ್ಕೂ ಮೂರೂವರೆ ಅಡಿಯ ತುಂಡೊಂದು, 3 ಅಡಿಯದೊಂದು, ಅರ್ಧ ಅಡಿಯದೊಂದು. ಎರಡನೆಯ ಪೈಪಿನಲ್ಲಿ ಒಂದೂವರೆ ಅಡಿಯ ನಾಲ್ಕು ತುಂಡು, ಪಾದಗಳಿಗೆ. 3 ಅಡಿಯ ಎರಡು, ಎರಡೂ ಕಂಬಗಳನ್ನು ಕೆಳಗೆ ಹಿಡಿದಿಡುವ ಪಟ್ಟಿಗೆ. ಉಳಿದದ್ದು 8 ಅಡಿ. ಅದನ್ನು 2 ಅಡಿಯ ನಾಲ್ಕು ತುಂಡು ಮಾಡಿ. ನಾಲ್ಕು ಎಲ್ಬೊ ಸೇರಿಸಿದರೆ ಚೌಕವಾಗುತ್ತದೆ. ಅದರ ಕೆಲಸ ಮಧ್ಯಾಹ್ನ ಬರುತ್ತದೆ. ಎರಡು ಪೈಪಿನಲ್ಲಿ ಒಂದು ಗೇಣೂ ಮಿಕ್ಕಲಿಲ್ಲ.

ಬ್ಲೇಡು ಓಡುತ್ತದೆ. ಬಿಳಿಬೂದು ಪುಡಿ ನೆಲಕ್ಕೆ ಬೀಳುವ ಬದಲು ಮುಂಗೈಗೆ, ಬಟ್ಟೆಗೆ ಬಂದು ಅಂಟಿಕೊಳ್ಳುತ್ತಿದೆ. ತಿಕ್ಕಾಟದಿಂದ ಹುಟ್ಟುವ ಸ್ಥಿರ ವಿದ್ಯುತ್ತಿನ ಆಟ ಅದು. ಗೆರೆಗೆ ನೇರವಾಗಿ ಕೊಯ್ಯಬೇಕೆಂದರೆ ಪೈಪಿಗೆ ಒಂದು ಕಾಗದ ಸುತ್ತಿ, ಅದರ ಅಂಚು ಅಂಚಿಗೆ ಕೂಡುವಂತೆ ಹಿಡಿದು, ಸುತ್ತಲೂ ಪೆನ್ನಿನಿಂದ ಗೆರೆ ಎಳೆಯಿರಿ. ಒಂದೇ ಬದಿಯಿಂದ ಕೊನೆಯವರೆಗೆ ಕೊಯ್ಯಬೇಡಿ. ಸ್ವಲ್ಪ ಕೊಯ್ದು ಪೈಪನ್ನು ತಿರುಗಿಸಿ, ಮತ್ತೆ ಸ್ವಲ್ಪ ಕೊಯ್ಯಿರಿ. ಕೊಯ್ದ ಬಾಯಿಗೆ ಉಪ್ಪುಕಾಗದ ತಿಕ್ಕಿ, ಒಳಗಿನ ಸಿಬಿರನ್ನು ಚಾಕುವಿನಿಂದ ಕೆರೆಯಿರಿ. ಬಾಯಿ ಓರೆಯಾದರೆ ಕಂಬ ಓರೆಯಾಗುತ್ತದೆ, ಏಳಡಿ ಮೇಲೆ ಹೋಗುವಷ್ಟರಲ್ಲಿ ಆ ಓರೆ ಕಣ್ಣಿಗೆ ಹೊಡೆಯುತ್ತದೆ.

ಈಗ ಜೋಡಿಸಿ. ಅಂಟು ಬೇಡ, ಬರೀ ಕೈ. ಟೀಯ ಎರಡು ಬದಿಗೆ ಒಂದೂವರೆ ಅಡಿಯ ತುಂಡುಗಳು, ಒಂದು ಮುಂದಕ್ಕೆ, ಒಂದು ಹಿಂದಕ್ಕೆ: ಪಾದ. ಅದರ ಮೇಲ್ಬಾಯಿಗೆ ಅರ್ಧ ಅಡಿಯ ತುಂಡು, ಅದರ ಮೇಲೆ ಇನ್ನೊಂದು ಟೀ, ಬಾಯಿ ಒಳಮುಖವಾಗಿ. ಎರಡೂ ಕಡೆಯ ಈ ಬಾಯಿಗಳ ನಡುವೆ, ಕಪ್ಲಿಂಗ್ ಹಾಕಿ ಒಂದು ಮಾಡಿದ 6 ಅಡಿಯ ಪಟ್ಟಿ. ಟೀಯ ಮೇಲೆ 3 ಅಡಿ, ಕಪ್ಲಿಂಗ್, ಮೂರೂವರೆ ಅಡಿ. ತುದಿಯಲ್ಲಿ ಎಲ್ಬೊ. ಎರಡು ಎಲ್ಬೊಗಳ ನಡುವೆ ಅಡ್ಡಪೈಪು ಕೂತಾಗ ಅಂಗಳದಲ್ಲಿ ಆರಡಿ ಅಗಲ, ಏಳಡಿ ಎತ್ತರದ ಖಾಲಿ ಬಾಗಿಲೊಂದು ನಿಂತಿರುತ್ತದೆ.

ಸೊಲ್ಯೂಷನ್ ಹಚ್ಚುವುದು ಪಾದದ ತುದಿಯ ನಾಲ್ಕು ಕ್ಯಾಪುಗಳಿಗೆ ಮಾತ್ರ. ಆ ದ್ರವ ಅಂಟಿನಂತೆ ಮೇಲೆ ಕೂರುವುದಿಲ್ಲ; ಎರಡೂ ಮೈಗಳನ್ನು ಕರಗಿಸಿ ಒಂದಾಗಿ ಬೆಸೆಯುತ್ತದೆ. ಬೆಸೆದ ಮೇಲೆ ಬಿಚ್ಚುವ ಮಾತಿಲ್ಲ. ಉಳಿದ ಕೂಡುಗಳೆಲ್ಲ ಬಿಚ್ಚುವಂತೆಯೇ ಇರಲಿ, ಪ್ರತಿ ಕೂಡಿಗೂ ಮಾರ್ಕರಿನಿಂದ ಒಂದೊಂದು ಅಂಕಿ ಬರೆಯಿರಿ. ಈ ಸ್ಟ್ಯಾಂಡಿನ ಹುಟ್ಟೇ ಬಿಚ್ಚಿ ಒಯ್ಯುವುದಕ್ಕಾಗಿ.

ಇನ್ನು ಬಟ್ಟೆ. ಕರಿ ಕಂಬಳಿ ತನ್ನಿ, ಕುರುಬರು ನೇಯುವ ದಖ್ಖನಿ ಕುರಿಯ ಉಣ್ಣೆಯದು. ಗುಂಡಿಮಗ್ಗದಲ್ಲಿ ಪಟ್ಟಿ ಪಟ್ಟಿಯಾಗಿ ನೇಯ್ದು, ಪಟ್ಟಿಗಳನ್ನು ಕೂಡಿಸಿ ಹೊಲಿದು, ಹುಣಸೆ ಬೀಜದ ಸರಿ ಉಣಿಸಿದ ಬಟ್ಟೆ. ಮೂಗಿಗೆ ಹಿಡಿದರೆ ಈಗಲೂ ಉಣ್ಣೆಯ ವಾಸನೆ. ಚಿತ್ರಕಾರನಿಗೆ ಅದರಲ್ಲಿ ಬೇಕಾದದ್ದೆಲ್ಲ ಇದೆ. ಅದು ಸುಕ್ಕುಗಟ್ಟುವುದಿಲ್ಲ, ಹೊಳೆಯುವುದಿಲ್ಲ, ಬೆಳಕು ಬಿದ್ದರೆ ನುಂಗಿಕೊಳ್ಳುತ್ತದೆ. ನೈಲಾನು ಸೀರೆ ಮಡಿಕೆ ಮಡಿಕೆಗೂ ಮಿನುಗುತ್ತದೆ, ಹಾಸಿಗೆಯ ಹೊದಿಕೆಯ ಇಸ್ತ್ರಿ ಗೆರೆ ಮುಖದ ಪಕ್ಕದಲ್ಲೇ ಕಾಣುತ್ತದೆ. ಕುರಿಯ ಮೈಬಣ್ಣವೇ ಆದ ಈ ಕಪ್ಪಿನಲ್ಲಿ ಕಂದಿನ ಛಾಯೆಯಿದೆ. ಆದ್ದರಿಂದ ನಮ್ಮವರ ಮೈಬಣ್ಣ ಅದರ ಮುಂದೆ ಬೆಚ್ಚಗೆ ಕಾಣುತ್ತದೆ.

ಅಡ್ಡಪೈಪಿನ ಮೇಲೆ ಕಂಬಳಿ ಹಾಕಿ, ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿ. ಪೈಪಿನ ನಡು ಕೆಳಗಿಳಿದಿದೆ, ಒಂದು ಇಂಚಿನ ಹತ್ತಿರ. ಇದು ಪಿವಿಸಿಯ ಸ್ವಭಾವ. ಬಾಗುವುದಕ್ಕೆ ಉಕ್ಕು ಒಡ್ಡುವ ವಿರೋಧ ಪಿವಿಸಿಯದಕ್ಕಿಂತ 60 ಪಟ್ಟಿಗೂ ಹೆಚ್ಚು. ಅದರ ಮೇಲೆ ಉದ್ದದ ಲೆಕ್ಕ ಬೇರೆ: ಅದೇ ಭಾರ, ಅದೇ ಪೈಪು, ಉದ್ದ ಮಾತ್ರ ಎರಡರಷ್ಟಾದರೆ ಬಾಗು ಎಂಟರಷ್ಟಾಗುತ್ತದೆ. ಅಡ್ಡಪೈಪನ್ನು 6 ಅಡಿಗೇ ನಿಲ್ಲಿಸಿದ್ದು, ಅದಕ್ಕೆ ಕಪ್ಲಿಂಗ್ ಹಾಕದೆ ಇಡೀ ತುಂಡಾಗಿಯೇ ಉಳಿಸಿಕೊಂಡದ್ದು ಈ ಕಾರಣಕ್ಕೆ.

ಪರಿಹಾರ ಬುಟ್ಟಿ ಹೆಣೆಯುವ ಮೇದಾರರ ಹತ್ತಿರ ಇದೆ. ಬೆರಳಿಗಿಂತ ದಪ್ಪ, ಪೈಪಿನ ಒಳಗೆ ನುಗ್ಗುವಷ್ಟು ಸಪೂರ, ನೆಟ್ಟನೆಯ ಗಟ್ಟಿ ಬಿದಿರು, 6 ಅಡಿ. ಗೆಣ್ಣುಗಳನ್ನು ಕತ್ತಿಯಿಂದ ಸವರಿ ಒಳಗೆ ತಳ್ಳಿ. ಸೀಳಿದ ಬಿದಿರು ಹೇಗೆ ಬೇಕಾದರೂ ಬಾಗುತ್ತದೆ, ತುಂಗಭದ್ರೆಯ ಹರಿಗೋಲು ಹುಟ್ಟುವುದೇ ಹಾಗೆ. ಸೀಳದ ಬಿದಿರು ಬಾಗಲು ಒಪ್ಪುವುದಿಲ್ಲ. ಮತ್ತೆ ಕಂಬಳಿ ಏರಿಸಿ. ಮೇಲಿನ ಗೆರೆ ಈಗ ನೆಟ್ಟಗಿದೆ. ಜಾರದಂತೆ ಎರಡೂ ಬದಿಗೆ ಬಟ್ಟೆಯ ಕ್ಲಿಪ್ಪು ಹಾಕಿ.

ಬಳ್ಳಾರಿ ಸೀಮೆಗೆ ಇಂಥ ಚೌಕಟ್ಟು ಹೊಸದಲ್ಲ. ಬೆಳಗಲ್ಲು ವೀರಣ್ಣನವರಂಥ ತೊಗಲುಗೊಂಬೆಯ ಕಲಾವಿದರು ಪರದೆಯನ್ನು ಸುತ್ತಿಕೊಂಡು ಊರಿಂದೂರಿಗೆ ಹೋದರು. ಹೊಸಪೇಟೆಯ ಪಕ್ಕದ ಮರಿಯಮ್ಮನಹಳ್ಳಿ ರಂಗಭೂಮಿಯವರ ಊರು. ಅರಮನೆ, ಕಾಡು, ಬೀದಿಗಳನ್ನು ಬರೆದ ಪರದೆಗಳ ಮುಂದೆ ನಾಟಕ ಕಂಡ ಜನ ಈ ಸುತ್ತಿನಲ್ಲಿ ಬೇಕಾದಷ್ಟಿದ್ದಾರೆ. ಹಳೆಯ ಫೋಟೊ ಸ್ಟುಡಿಯೊಗಳ ಗೋಡೆಯ ಉದ್ಯಾನ, ಮೆಟ್ಟಿಲು, ಹುಣ್ಣಿಮೆ ಚಂದ್ರ ಆ ನಾಟಕದ ಪರದೆಯ ನಂಟಿನವೇ. ಗೊಂಬೆಯಾಟದಲ್ಲಿ ಪರದೆಯ ಹಿಂದೆ ದೀಪ ಇರುತ್ತದೆ, ಬಣ್ಣದ ತೊಗಲನ್ನು ತೂರಿ ಬಂದ ಬೆಳಕು ಚಿತ್ರವಾಗುತ್ತದೆ. ನಿಮ್ಮ ಪರದೆಗೆ ಬೆಳಕು ಮುಂದಿನಿಂದ ಬರಬೇಕು, ಮುಖದ ಮೇಲೆ ಬಿದ್ದು ಅಲ್ಲಿಯೇ ಮುಗಿಯಬೇಕು. ವ್ಯತ್ಯಾಸ ಅಷ್ಟೆ. ಪರದೆ ಜನರಿರುವಲ್ಲಿಗೆ ಹೋಗಬೇಕು ಎಂಬುದರಲ್ಲಿ ಎರಡೂ ಒಂದೇ.

ಮೂರು ಗಂಟೆ. ಅಂಕಿ ನೋಡಿಕೊಂಡು ಬಿಚ್ಚಿ, ತುಂಡುಗಳನ್ನೆಲ್ಲ ಅಕ್ಕಿ ಚೀಲಕ್ಕೆ ಹಾಕಿ. ಚೀಲದಲ್ಲಿ ಅತಿ ಉದ್ದದ್ದು ಮೂರೂವರೆ ಅಡಿ. ಬಿದಿರು ತುಂಬಿದ ಅಡ್ಡಪೈಪು ಮಾತ್ರ ಹೆಗಲ ಮೇಲೆ. ಕಂಬಳಿ ಇನ್ನೊಂದು ಹೆಗಲಿಗೆ. ದಾರಿ ಕಂಪ್ಲಿ ಕೋಟೆಯ ಕಡೆಗೆ, ಹೊಳೆಯ ದಂಡೆಗೆ.

ಇದು ಕಂಪಿಲರಾಯ ಆಳಿದ ನೆಲ. 1327ರ ಸುಮಾರಿಗೆ ಅವನ ರಾಜ್ಯ ದಿಲ್ಲಿಯ ತುಘಲಕ್ ಸೈನ್ಯಕ್ಕೆ ಬಿತ್ತು, ಹಂಪಿಯಲ್ಲಿ ವಿಜಯನಗರ ತಲೆಯೆತ್ತುವ ಮೊದಲು. ಇಲ್ಲಿಂದ ಹೊಳೆಯ ಗುಂಟ ಮೇಲಕ್ಕೆ ಹೋದರೆ ಹಂಪಿ. 1856ರಲ್ಲಿ ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ದೊಡ್ಡ ಕ್ಯಾಮೆರಾ ಹೊರಿಸಿಕೊಂಡು ಬಂದು, ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಆ ಗುಡಿಗೋಪುರಗಳನ್ನು ಹಿಡಿದ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಮತ್ತೆ ತೆಗೆದ. ಇಂದು ದಿನವೂ ಸಾವಿರಾರು ಫೋನುಗಳು ಕಲ್ಲಿನ ರಥದತ್ತ ಎದ್ದು ನಿಲ್ಲುತ್ತವೆ. ಕಲ್ಲಿಗೆ ಇಷ್ಟು ಚಿತ್ರಗಳಿರುವ ಸೀಮೆಯಲ್ಲಿ, ಅದೇ ಹೊಳೆಯ ನೀರಿನಲ್ಲಿ ಸಸಿ ನಾಟಿ ಮಾಡಿ ಮುಪ್ಪಾದ ಹೆಂಗಸಿಗೆ ಒಂದು ಸರಿಯಾದ ಚಿತ್ರ ಇರುವುದಿಲ್ಲ. ನೀವು ಹೊರಟಿರುವುದು ಅಂಥವರ ಮನೆಗೆ.

ಮಾಳಿಗೆ ಮನೆ. ಪಡಸಾಲೆಯಲ್ಲಿ ಅಜ್ಜಿ ಕಾಲು ಚಾಚಿ ಕೂತಿದ್ದಾರೆ. ಮೊಣಕಾಲು ನೋವು, ಬಜಾರಿನ ಸ್ಟುಡಿಯೊ ಮಹಡಿಯ ಮೇಲಿದೆ, ಅದರ ಮೆಟ್ಟಿಲು ಅವರ ಪಾಲಿಗೆ ದೊಡ್ಡ ಬೆಟ್ಟ. ಗೋಡೆಯ ಮೇಲೆ ಮಗನ ಮದುವೆಯ ಫೋಟೊ ಇದೆ, ಮೊಮ್ಮಕ್ಕಳ ಫೋಟೊ ಇದೆ. ಅಜ್ಜಿಯದು ಆಧಾರ್ ಕಾರ್ಡಿನಲ್ಲಿದೆ, ಅಷ್ಟೆ. ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿಯ ಸೇತುವೆ ಮುಳುಗಿ ಗಂಗಾವತಿಯ ದಾರಿ ನಿಲ್ಲುತ್ತದೆ, ಕೋಟೆಯ ಮನೆಗಳ ಬಾಗಿಲಿಗೆ ಹೊಳೆ ಬರುತ್ತದೆ. ಅಂಥ ಒಂದು ನೆರೆಯಲ್ಲಿ ಹಳೆಯ ಜೋಡಿ ಫೋಟೊ ನೆನೆದು ಬಿಳಿಚಿಕೊಂಡಿತು. ಕಟ್ಟು ಮಾತ್ರ ಮೂಲೆಯಲ್ಲಿದೆ, ಒಳಗೆ ಯಾರೂ ಇಲ್ಲ.

"ಏನಪಾ ಇದು, ಬೋರಿನ ಪೈಪ್ ತಂದೀರಿ?"

"ನಿಮ್ ಫೋಟೊ ತೆಗಿಯಾಕ, ಅವ್ವ. ನೀವು ಎದ್ದು ಎಲ್ಲೂ ಹೋಗೋದು ಬ್ಯಾಡ."

"ನನ್ದ್ಯಾಕ? ಹುಡುಗ್ರುದು ತಗೀರಿ."

ಈ ಮಾತು ಎಲ್ಲ ಮನೆಯಲ್ಲೂ ಬರುತ್ತದೆ. ವಾದಕ್ಕಿಳಿಯದೆ ನಿಮ್ಮ ಕೆಲಸ ಶುರು ಮಾಡಿ. ಮೊಮ್ಮಗಳು ಅಂಕಿ ಓದಿ ತುಂಡು ಕೊಡುತ್ತಾಳೆ, ನೀವು ತಿರುಚಿ ಕೂಡಿಸುತ್ತೀರಿ. ಹಾಡೊಂದು ಮುಗಿಯುವಷ್ಟರಲ್ಲಿ ಸ್ಟ್ಯಾಂಡು ತೊಲೆಯ ಕೆಳಗೆ ನಿಂತಿದೆ. ಅಂಗಳದಲ್ಲಿ ನಿಲ್ಲಿಸಬಹುದಿತ್ತು, ಬೆಳಕು ಅಲ್ಲಿ ಹೆಚ್ಚು. ಆದರೆ ಸಂಜೆಯ ಹೊಳೆ ಗಾಳಿಗೆ ಕಂಬಳಿ ದೋಣಿಯ ಹಾಯಿಯಂತೆ ಉಬ್ಬಿ ಇಡೀ ಚೌಕಟ್ಟನ್ನು ಎತ್ತಿಹಾಕುತ್ತದೆ. ಪಡಸಾಲೆಯ ಒಳಗೂ ಎಚ್ಚರ ಬಿಡಬೇಡಿ. ಎರಡೆರಡು ಕಿಲೊ ಮರಳು ತುಂಬಿದ ಸಣ್ಣ ಚೀಲಗಳನ್ನು ನಾಲ್ಕೂ ಪಾದಗಳ ಮೇಲೆ ಹೇರಿ, ಕಂಬದ ತುದಿಯಿಂದ ಒಂದು ಹಗ್ಗವನ್ನು ಹಿಂದಿನ ಗೂಟಕ್ಕೆ ಕಟ್ಟಿ. ಮಕ್ಕಳು ಓಡಾಡುವ ಮನೆ ಇದು.

ಈಗ ಬೆಳಕು ನೋಡಿ. ಮುಂಬಾಗಿಲು ದೊಡ್ಡದು, ನೇರ ಬಿಸಿಲು ಒಳಗೆ ಬರುತ್ತಿಲ್ಲ. ಎದುರಿನ ಮನೆಯ ಸುಣ್ಣದ ಗೋಡೆಗೆ ಬಿದ್ದ ಬಿಸಿಲು ಮೆತ್ತಗಾಗಿ ತಿರುಗಿ ಬರುತ್ತಿದೆ. ಅಜ್ಜಿಯನ್ನು ಬಾಗಿಲಿನಿಂದ ಮೂರಡಿ ಒಳಗೆ ಕುರ್ಚಿಯಲ್ಲಿ ಕೂರಿಸಿ, ಕುರ್ಚಿಯನ್ನು ಸ್ವಲ್ಪ ಓರೆಯಾಗಿ ತಿರುಗಿಸಿ. ಕಂಬಳಿ ಅವರ ಬೆನ್ನಿನಿಂದ ನಾಲ್ಕಡಿ ಹಿಂದೆ ಇರಲಿ. ಬಾಗಿಲಿನಿಂದ ದೂರ ಹೋದಷ್ಟೂ ಬೆಳಕು ಬೇಗ ಬೇಗ ಸೋರಿಹೋಗುತ್ತದೆ. ಅಜ್ಜಿಯ ಮುಖ ಬೆಳಗುವಾಗ ಕಂಬಳಿ ಕತ್ತಲಿಗೆ ಸರಿದಿರುತ್ತದೆ. ಅವರ ನೆರಳೂ ಬಟ್ಟೆಯ ಮೇಲೆ ಬೀಳದೆ ನೆಲಕ್ಕೆ ಬೀಳುತ್ತದೆ. ಇಡೀ ದಿನ ಪೈಪು ಕೊಯ್ದದ್ದು ಈ ನಾಲ್ಕು ಅಡಿಯ ಸ್ವಾತಂತ್ರ್ಯಕ್ಕಾಗಿ. ಗೋಡೆಗೆ ಮೊಳೆ ಹೊಡೆದು ಕಂಬಳಿ ತೂಗುಹಾಕಿದ್ದರೆ ಬೆಳಕಿರುವಲ್ಲಿಗೆ ಅದನ್ನು ತರಲಾಗುತ್ತಿರಲಿಲ್ಲ.

ಮುಖದ ಒಂದು ಬದಿ ಮಬ್ಬಾಗಿದೆ. ಬೆಳಿಗ್ಗೆ ಕೊಯ್ದಿಟ್ಟ ಎರಡಡಿಯ ಚೌಕ ತೆಗೆಯಿರಿ, ಅದಕ್ಕೆ ತೊಳೆದ ಬಿಳಿ ಪಂಚೆ ಬಿಗಿಯಾಗಿ ಸುತ್ತಿ ಮೊಮ್ಮಗಳ ಕೈಗೆ ಕೊಡಿ. ಅವಳು ಅದನ್ನು ಮಬ್ಬಿನ ಬದಿಗೆ ಹಿಡಿದು ಹತ್ತಿರ ತರುತ್ತಾಳೆ. ಕೆನ್ನೆಯ ಸುಕ್ಕುಗಳೊಳಗೆ ಬೆಳಕು ಇಳಿಯುತ್ತದೆ. ಇನ್ನೊಂದು ಗೇಣು ಹತ್ತಿರ. ಸಾಕು, ಅಲ್ಲೇ ನಿಲ್ಲು ಪುಟ್ಟಿ.

ಕ್ಯಾಮೆರಾ ಇಲ್ಲದಿದ್ದರೆ ಫೋನೇ ಆಗುತ್ತದೆ. ಆದರೆ ಮುಖಕ್ಕೆ ಹತ್ತಿರ ಹೋಗಬೇಡಿ, ಮೂಗು ದೊಡ್ಡದಾಗಿ ಕಿವಿ ಹಿಂದೆ ಓಡುತ್ತದೆ. ಆರು ಅಡಿ ಹಿಂದೆ ಸರಿದು, ಎರಡರಷ್ಟು ಹತ್ತಿರ ತೋರುವ ಲೆನ್ಸಿದ್ದರೆ ಅದನ್ನು ಬಳಸಿ. ಮಂಡಿಯೂರಿ ಕೂತು ಲೆನ್ಸನ್ನು ಅಜ್ಜಿಯ ಕಣ್ಣಿನ ಮಟ್ಟಕ್ಕೆ ತನ್ನಿ. ಕೂತವರನ್ನು ನಿಂತು ಮೇಲಿನಿಂದ ತೆಗೆದರೆ ಅವರು ಕುಗ್ಗಿದಂತೆ ಕಾಣುತ್ತಾರೆ. ಫೋನಿನ ಪರದೆಯ ಮೇಲೆ ಮುಖವನ್ನು ಮುಟ್ಟಿ ಬೆಳಕಿನ ಗುರುತನ್ನು ಸ್ವಲ್ಪ ಕೆಳಗೆಳೆಯಿರಿ. ಕರಿ ಹಿನ್ನೆಲೆ ಕಂಡ ಫೋನು ಎಲ್ಲವನ್ನೂ ಬೆಳ್ಳಗೆ ಮಾಡಹೊರಡುತ್ತದೆ, ಅದನ್ನು ತಡೆಯಬೇಕು.

ಅಜ್ಜಿ ಸೆರಗು ತಲೆಯ ಮೇಲೆ ಎಳೆದುಕೊಳ್ಳುತ್ತಾರೆ. ಬಾಯಿ ಬಿಗಿದು, ಆಧಾರ್ ಕಚೇರಿಯಲ್ಲಿ ಕೂತಂತೆ ಕೂರುತ್ತಾರೆ. ಇನ್ನೂ ಒತ್ತಬೇಡಿ. ಕೇಳಿ: "ಅವ್ವ, ನಾಟಿ ಕಾಲದಾಗ ಎಷ್ಟೊತ್ತಿಗೆ ಏಳ್ತಿದ್ರಿ?"

"ಕೋಳಿ ಕೂಗಾಕಿಂತ ಮೊದ್ಲ. ನಾವು ಗದ್ದಿಗೆ ಹೋದ್ಮ್ಯಾಲೆ ಅದು ಕೂಗ್ತಿತ್ತು."

ಹೆಗಲು ಇಳಿಯಿತು. ಕೈಗಳು ತೊಡೆಯ ಮೇಲೆ ತಾವಾಗಿಯೇ ಒಂದರ ಮೇಲೊಂದು ಬಂದವು, ಸಸಿ ಕಿತ್ತ, ಕಳೆ ತೆಗೆದ ಬೆರಳುಗಳು. ಆ ಬೆರಳುಗಳೂ ಚೌಕಟ್ಟಿನೊಳಗೆ ಬರಲಿ. ಈಗ ಒತ್ತಿ. ಇನ್ನೊಂದು. ಮತ್ತೊಂದು.

ಚಿತ್ರ ನೋಡಿ. ಹಿಂದೆ ಗೋಡೆಯ ಗೂಡಿಲ್ಲ, ಕ್ಯಾಲೆಂಡರಿಲ್ಲ, ಟಿವಿಯ ವೈರಿಲ್ಲ, ನೇತುಹಾಕಿದ ಚೀಲವಿಲ್ಲ. ಅವು ಇರಬಾರದ ವಸ್ತುಗಳೆಂದಲ್ಲ, ಬಡತನವನ್ನು ಮುಚ್ಚಿಡಲು ಕಂಬಳಿ ಕಟ್ಟಿದ್ದೂ ಅಲ್ಲ. ಒಂದು ಸಲವಾದರೂ ನೋಡುವವರ ಕಣ್ಣು ಬೇರೆಲ್ಲಿಗೂ ಹೋಗದೆ ಈ ಒಬ್ಬ ಮನುಷ್ಯರ ಮೇಲೆಯೇ ನಿಲ್ಲಲಿ ಎಂದು. ಗೋಪುರದ ಚಿತ್ರ ತೆಗೆಯುವಾಗ ಅಡ್ಡ ಬಂದವರನ್ನು ಸರಿಯಿರಿ ಎನ್ನುತ್ತೇವೆ, ಕಲ್ಲಿಗೆ ಆ ಮರ್ಯಾದೆ ಸಲ್ಲುತ್ತದೆ. ಅದೇ ಮರ್ಯಾದೆ ಈ ಮುಖಕ್ಕೂ ಸಲ್ಲಬೇಕು. ಹಿನ್ನೆಲೆಯ ಬಟ್ಟೆಯ ಕೆಲಸ ಅದೊಂದೇ.

ಫೋನನ್ನು ಅಜ್ಜಿಯ ಕೈಗೆ ಕೊಡಿ. ಅವರು ಅದನ್ನು ದೂರ ಹಿಡಿದು, ಹತ್ತಿರ ತಂದು, ಮತ್ತೆ ದೂರ ಹಿಡಿಯುತ್ತಾರೆ. "ನಮ್ಮವ್ವನ ಹಂಗ ಅದೀನಿ ನೋಡು," ಎನ್ನುತ್ತಾರೆ ಮೊಮ್ಮಗಳಿಗೆ. ಮುತ್ತಜ್ಜಿಯ ಮುಖ ಹೇಗಿತ್ತು ಎಂಬುದು ಆ ಹುಡುಗಿಗೆ ತಿಳಿದದ್ದು ಈಗ.

ಅಷ್ಟರಲ್ಲಿ ಬಾಗಿಲಲ್ಲಿ ಓಣಿಯೇ ನೆರೆದಿದೆ. ಬಾಣಂತಿಯೊಬ್ಬಳು ಮೂರು ತಿಂಗಳ ಕೂಸನ್ನು ಎತ್ತಿಕೊಂಡು ಬಂದಿದ್ದಾಳೆ. ಕಂಬದ ಮೇಲಿನ ಮೂರೂವರೆ ಅಡಿಯ ತುಂಡುಗಳನ್ನು ಕಿತ್ತು, ಎಲ್ಬೊಗಳನ್ನು ಕಪ್ಲಿಂಗಿನ ಜಾಗಕ್ಕೆ ಇಳಿಸಿ. ಸ್ಟ್ಯಾಂಡು ಅರ್ಧಕ್ಕಿಳಿದು ಚಾಪೆಯ ಮೇಲಿನ ಕೂಸಿಗೆ ಸರಿಹೊಂದುತ್ತದೆ. ಕಂಬಳಿಯ ಉಳಿದ ಉದ್ದವನ್ನು ಮುಂದಕ್ಕೆ ಹಾಸಿ, ಉಣ್ಣೆ ಚುಚ್ಚದಂತೆ ಮೇಲೊಂದು ಹತ್ತಿ ಬಟ್ಟೆ ಹಾಕಿ. ಮೂರನೆಯ ಮನೆಯವರು ಹಾಸಿಗೆ ಹಿಡಿದ ತಂದೆಯ ವಿಷಯ ಹೇಳುತ್ತಾರೆ. ಅಲ್ಲಿಗೆ ನಾಳೆ, ಬೆಳಕು ಅವರ ಕಿಟಕಿಗೆ ಬರುವ ಹೊತ್ತು ಕೇಳಿಕೊಂಡು ಹೋಗಿ. ಪಟ್ಟಿ ಬರೆಯುವಾಗ ಸ್ಟುಡಿಯೊಗೆ ನಡೆದು ಹೋಗಬಲ್ಲವರ ಹೆಸರು ಕೊನೆಗಿರಲಿ, ಹೋಗಲಾರದವರದು ಮೊದಲು.

ಒಂದು ಕೆಲಸ ಬಾಕಿ ಇದೆ, ಅದನ್ನು ಮಾಡದೆ ಇದು ಪೂರ್ತಿಯಾಗುವುದಿಲ್ಲ. ಫೋನಿನೊಳಗಿನ ಚಿತ್ರ ಅಜ್ಜಿಯ ಮನೆಗೆ ಸೇರಿದ ಚಿತ್ರವಲ್ಲ. ಬಜಾರಿನ ಸ್ಟುಡಿಯೊದಲ್ಲಿ ಕಾಗದಕ್ಕೆ ಹಾಕಿಸಿ, ನೀರು ತಾಗದಂತೆ ಲ್ಯಾಮಿನೇಷನ್ ಮಾಡಿಸಿ, ಇನ್ನೊಂದು ಪ್ರತಿಯನ್ನು ಬೇರೆ ಊರಿನಲ್ಲಿರುವ ಮಗಳ ಮನೆಗೆ ಕಳಿಸಲು ಹೇಳಿ. ತೂಗುಹಾಕಲು ನೀವೇ ಸುತ್ತಿಗೆ ತೆಗೆದುಕೊಂಡು ಹೋಗಿ. ಕಳೆದ ಸಲ ಹೊಳೆ ಬಂದಾಗ ಗೋಡೆಯ ಮೇಲೆ ನೀರು ಎಲ್ಲಿಯವರೆಗೆ ಏರಿತ್ತು ಎಂದು ಮನೆಯವರನ್ನು ಕೇಳಿ, ಅದಕ್ಕಿಂತ ಎರಡು ಮೊಳ ಮೇಲೆ ಮೊಳೆ ಹೊಡೆಯಿರಿ.